ಬೈಕ್ ಸೀಟಿಗೆ ಹೊಸ ರೆಕ್ಸಿನ್: ಮನೆಯಲ್ಲಿ ಎಷ್ಟು ಮಾಡಬಹುದು, ಅಂಗಡಿಗೆ ಎಷ್ಟು ಬಿಡಬೇಕು?

ಬೈಕಿನ ಸೀಟು ಹರಿದಾಗ ಹೆಚ್ಚಿನವರು ಮೊದಲು ಯೋಚಿಸುವುದು ಹೊಸ ರೆಕ್ಸಿನ್ನಿನ ಬಣ್ಣ ಮತ್ತು ಡಿಸೈನಿನ ಬಗ್ಗೆ. ಆದರೆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ, ಕುಶನ್ ಅಂಗಡಿಗೆ ಕೊಡಬೇಕೇ ಅಥವಾ ಸೀಟನ್ನೇ ಬದಲಾಯಿಸಬೇಕೇ ಎಂಬುದನ್ನು ತೀರ್ಮಾನಿಸುವುದು ರೆಕ್ಸಿನ್ ಅಲ್ಲ. ಅದರ ಕೆಳಗಿರುವ ಸ್ಪಂಜು ಯಾವ ಸ್ಥಿತಿಯಲ್ಲಿದೆ, ಸ್ಪಂಜನ್ನು ಹೊತ್ತ ತಳ ಪ್ಲಾಸ್ಟಿಕ್ಕಿನದೋ ಕಬ್ಬಿಣದ್ದೋ, ಸೀಟಿನ ಮೇಲ್ಮೈಯಲ್ಲಿ ಎಷ್ಟು ತಗ್ಗುಗಳಿವೆ ಎಂಬ ಮೂರು ಸಂಗತಿಗಳು ಗೊತ್ತಾದರೆ ಆಯ್ಕೆ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ. ಇವನ್ನು ನೋಡದೆ ಚೆಂದದ ಕವರ್ ಕೊಂಡವರ ಸೀಟು ಮೊದಲ ಮಳೆಗಾಲದಲ್ಲೇ ನೀರು ಕುಡಿದು ಕೂರುವುದು ಸಾಮಾನ್ಯ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಸೀಟನ್ನು ಗಾಡಿಯಿಂದ ಕಳಚಿ ಬೋರಲು ಹಾಕಿ ನೋಡುವುದು ಒಳ್ಳೆಯದು. ಕೆಲವು ಬೈಕುಗಳಲ್ಲಿ ಕೀಲಿ ತಿರುಗಿಸಿದರೆ ಸೀಟು ಕೈಗೆ ಬರುತ್ತದೆ. ಕೆಲವಕ್ಕೆ ಸೈಡ್ ಪ್ಯಾನೆಲ್ ತೆಗೆದು ಎರಡು ಬೋಲ್ಟುಗಳನ್ನು ಬಿಚ್ಚಬೇಕು. ಸ್ಕೂಟರುಗಳಲ್ಲಿ ಮುಂಭಾಗದ ಹಿಂಜ್ ಬಿಚ್ಚಿದರೆ ಸಾಕು. ತಿರುಗಿಸಿದ ಸೀಟಿನ ಅಂಚಿನುದ್ದಕ್ಕೂ ಸಾಲಾಗಿ ಹೊಡೆದ ಸ್ಟೇಪಲ್ ಪಿನ್ನುಗಳು ಕಂಡರೆ ತಳ ಪ್ಲಾಸ್ಟಿಕ್ಕಿನದು. ಪಿನ್ನುಗಳ ಬದಲು ರೆಕ್ಸಿನ್ನನ್ನು ಕಚ್ಚಿ ಹಿಡಿದು ಮಡಿಸಿದ ತಗಡಿನ ಹಲ್ಲುಗಳು ಕಂಡರೆ ಅದು ಹಳೆಯ ಕಾಲದ ಕಬ್ಬಿಣದ ತಳ. ಪಿನ್ನುಗಳು ತುಕ್ಕು ಹಿಡಿದು ಸುತ್ತ ಕಂದು ಕಲೆ ಮೂಡಿದ್ದರೆ ಸ್ಪಂಜಿನೊಳಗೆ ನೀರು ಬಹಳ ಕಾಲದಿಂದ ಓಡಾಡುತ್ತಿದೆ ಎಂದರ್ಥ. ಹರಿದ ಜಾಗದಲ್ಲಿ ಹೆಬ್ಬೆರಳಿನಿಂದ ಸ್ಪಂಜನ್ನು ಒತ್ತಿ ಬಿಟ್ಟಾಗ ಅದು ಕೂಡಲೇ ಮೇಲೇಳಬೇಕು. ಗುಂಡಿ ಹಾಗೆಯೇ ಉಳಿದರೆ, ಅಥವಾ ಹಳದಿ ಪುಡಿ ಬೆರಳಿಗೆ ಅಂಟಿದರೆ, ಆ ಸ್ಪಂಜಿನ ಮೇಲೆ ಎಂಥ ರೆಕ್ಸಿನ್ ಹಾಕಿದರೂ ಅದು ಕೆಲವೇ ತಿಂಗಳಲ್ಲಿ ಸಡಿಲವಾಗಿ ಸುಕ್ಕುಗಟ್ಟುತ್ತದೆ.

ಮೇಲೆ ತೊಡಿಸುವ ಕವರ್ ಯಾರಿಗೆ?

ಅತ್ಯಂತ ಸುಲಭದ ದಾರಿಯೆಂದರೆ ಅಂಚಿನಲ್ಲಿ ಎಲಾಸ್ಟಿಕ್ ಅಥವಾ ಲಾಡಿ ಇರುವ ಕವರನ್ನು ಹಳೆಯ ಸೀಟಿನ ಮೇಲೆ ತೊಡಿಸುವುದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಐದು ನಿಮಿಷದ ಕೆಲಸ, ಬೇಡವೆನಿಸಿದರೆ ತೆಗೆದು ತೊಳೆಯಬಹುದು. ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಜಾಳಿಗೆಯಂಥ ದಪ್ಪ ಬಟ್ಟೆಯ ಕವರ್ ನಿಜಕ್ಕೂ ಉಪಯುಕ್ತ, ಏಕೆಂದರೆ ಕೂರುವಾಗ ಸುಡುವುದಿಲ್ಲ ಮತ್ತು ತೊಡೆಯ ಕೆಳಗೆ ಗಾಳಿಯಾಡುತ್ತದೆ. ಆದರೆ ಹರಿದ ಸೀಟಿಗೆ ಇದು ಚಿಕಿತ್ಸೆಯಲ್ಲ. ಕವರಿನ ಹೊಲಿಗೆಗಳಿಂದ ಒಳಗಿಳಿದ ನೀರು ಹಳೆಯ ಹರಕಿನ ಮೂಲಕ ಸ್ಪಂಜಿಗೆ ಸೇರುತ್ತದೆ, ಮೇಲೆ ಮುಚ್ಚಿರುವುದರಿಂದ ಆರುವುದೂ ಇಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಕವರ್ ಸೀಟಿನ ಮೇಲೆ ಜಾರುವುದು ಇದರ ಇನ್ನೊಂದು ತೊಂದರೆ. ಬಿರುಕು ಎರಡು ಮೂರು ಸೆಂಟಿಮೀಟರಿನಷ್ಟೇ ಇದ್ದರೆ, ಕವರ್ ಕೊಳ್ಳುವ ಬದಲು ರೆಕ್ಸಿನ್ನಿನ ಸಣ್ಣ ತುಂಡನ್ನು ಹರಕಿನ ಒಳಬದಿಗೆ ತೂರಿಸಿ ರಬ್ಬರ್ ಗಮ್ಮಿನಿಂದ ಅಂಟಿಸುವುದು ಹೆಚ್ಚು ಬುದ್ಧಿವಂತಿಕೆ. ನೋಟಕ್ಕೆ ಚೆನ್ನಾಗಿರುವುದಿಲ್ಲ, ಆದರೆ ನೀರು ನಿಲ್ಲುತ್ತದೆ.

ಮನೆಯ ಕೆಲಸ ಸೋಲುವುದು ಹೊಲಿಗೆಯಲ್ಲಿ

ಹಳೆಯ ರೆಕ್ಸಿನ್ ತೆಗೆದು ಹೊಸದನ್ನು ಹಾಕುವ ನಿಜವಾದ ಕೆಲಸಕ್ಕೆ ಬಂದರೆ, ಅದರಲ್ಲಿ ಎರಡು ಭಾಗಗಳಿವೆ: ಹೊಲಿಯುವುದು ಮತ್ತು ಎಳೆದು ಪಿನ್ ಹೊಡೆಯುವುದು. ಎರಡನೆಯದನ್ನು ತಾಳ್ಮೆಯಿರುವ ಯಾರಾದರೂ ಮನೆಯಲ್ಲಿ ಕಲಿಯಬಹುದು. ಮೊದಲನೆಯದು ಯಂತ್ರವನ್ನು ಅವಲಂಬಿಸಿದ ಕೆಲಸ. ಮನೆಯ ಹೊಲಿಗೆ ಯಂತ್ರದ ಪಾದವು ರೆಕ್ಸಿನ್ನಿನ ಮೇಲ್ಮೈಗೆ ಅಂಟಿಕೊಳ್ಳುವುದರಿಂದ ಕೆಳಗಿನ ಪದರ ಮುಂದೆ ಸರಿದರೂ ಮೇಲಿನ ಪದರ ಹಿಂದೆ ಉಳಿಯುತ್ತದೆ, ಹೀಗಾಗಿ ಹೊಲಿಗೆ ಮುಗಿಯುವಷ್ಟರಲ್ಲಿ ಒಂದು ತುಂಡು ಇನ್ನೊಂದಕ್ಕಿಂತ ಬೆರಳಿನಷ್ಟು ಉದ್ದವಾಗಿರುತ್ತದೆ. ಪಾದದ ಕೆಳಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯುವುದು, ಅಥವಾ ಟೆಫ್ಲಾನ್ ಪಾದ ಹಾಕುವುದು ಇದಕ್ಕೆ ಪರಿಹಾರ. ಸೂಜಿ 18ನೇ ನಂಬರಿನದಿರಲಿ. ದಾರ ಹತ್ತಿಯದಾಗಿರಬಾರದು; ಬಿಸಿಲು ಮಳೆಗೆ ಅದು ಬೇಗ ಕೊಳೆಯುತ್ತದೆ. ಬಿಸಿಲನ್ನು ತಡೆಯುವುದರಲ್ಲಿ ನೈಲಾನಿಗಿಂತ ಪಾಲಿಯೆಸ್ಟರ್ ದಾರ ಮೇಲು. ಹೊಲಿಗೆಯ ಅಂತರ ಮೂರರಿಂದ ನಾಲ್ಕು ಮಿಲಿಮೀಟರ್ ಇರಲಿ. ಬಟ್ಟೆಗೆ ಹಾಕುವಷ್ಟು ಒತ್ತೊತ್ತಾಗಿ ಹಾಕಿದರೆ ಸೂಜಿಯ ತೂತುಗಳ ಸಾಲೇ ರೆಕ್ಸಿನ್ ಹರಿಯುವ ಗೆರೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ, ಎರಡು ಪದರ ಮಡಿಸಿ ಮೇಲಿನಿಂದ ಇನ್ನೊಂದು ಹೊಲಿಗೆ ಹಾಕುವ ಜಾಗದಲ್ಲಿ ಮನೆಯ ಯಂತ್ರ ಏದುಸಿರು ಬಿಡುತ್ತದೆ. ಕುಶನ್ ಅಂಗಡಿಗಳಲ್ಲಿ ಇರುವ ಯಂತ್ರದಲ್ಲಿ ಪಾದವೂ ಬಟ್ಟೆಯೊಂದಿಗೆ ಹೆಜ್ಜೆ ಹಾಕುವುದರಿಂದ ಈ ತೊಂದರೆ ಇಲ್ಲ. ಈ ಕಾರಣದಿಂದಲೇ ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಮಾಡಬಯಸುವವರಿಗೆ ಅತ್ಯುತ್ತಮ ದಾರಿಯೆಂದರೆ ಹೊಲಿಗೆಯನ್ನು ಹೊರಗೆ ಮಾಡಿಸಿ, ಉಳಿದದ್ದನ್ನು ತಾವೇ ಮಾಡಿಕೊಳ್ಳುವುದು. ಇದಕ್ಕೆ ಎರಡು ಬಗೆಗಳಿವೆ.

ಹೆಚ್ಚು ಮಾರಾಟವಾಗುವ ಸ್ಪ್ಲೆಂಡರ್, ಪಲ್ಸರ್, ಆಕ್ಟಿವಾ, ಕ್ಲಾಸಿಕ್ 350ರಂಥ ಗಾಡಿಗಳಿಗೆ ಆಯಾ ಮಾದರಿಯ ಅಳತೆಗೆ ಹೊಲಿದ ಕವರುಗಳು ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಇವು ಮೇಲೆ ತೊಡಿಸುವಂಥವಲ್ಲ. ಹಳೆಯದನ್ನು ಕಿತ್ತು ಪಿನ್ ಹೊಡೆದು ಕೂರಿಸುವಂಥವು. ಕೊಳ್ಳುವಾಗ ಮಾದರಿಯ ಹೆಸರಷ್ಟೇ ಸಾಲದು, ತಯಾರಾದ ವರ್ಷವನ್ನೂ ಸೀಟು ಒಂದೇ ಉದ್ದದ್ದೋ ಎರಡು ತುಂಡಿನದ್ದೋ ಎಂಬುದನ್ನೂ ತಾಳೆ ನೋಡಬೇಕು, ಏಕೆಂದರೆ ಒಂದೇ ಹೆಸರಿನ ಬೈಕಿನ ಸೀಟು ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಕವರನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿದಾಗ ಹೊಲಿಗೆಯ ಆಚೆ ಕನಿಷ್ಠ ಒಂದು ಸೆಂಟಿಮೀಟರ್ ಅಂಚು ಉಳಿದಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಎಳೆಯುವಾಗ ಹೊಲಿಗೆ ಬಾಯಿ ಬಿಡುತ್ತದೆ.

ಎರಡನೆಯ ಬಗೆ, ಹಳೆಯ ಕವರನ್ನು ಹರಿಯದಂತೆ ಬಿಡಿಸಿ, ಅದನ್ನೇ ಮಾದರಿಯಾಗಿ ಕುಶನ್ ಅಂಗಡಿಯವರಿಗೋ ಬ್ಯಾಗ್ ಹೊಲಿಯುವವರಿಗೋ ಕೊಟ್ಟು ಹೊಸದನ್ನು ಹೊಲಿಸುವುದು. ಮಾರುಕಟ್ಟೆಯಲ್ಲಿ ಕವರ್ ಸಿಗದ ಹಳೆಯ ಗಾಡಿಗಳಿಗೆ ಇದೊಂದೇ ಸರಿಯಾದ ದಾರಿ. ಹಳೆಯ ರೆಕ್ಸಿನ್ ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕಿ ಹಿಗ್ಗಿರುತ್ತದೆ ಎಂಬುದನ್ನು ಮಾತ್ರ ಹೊಲಿಯುವವರಿಗೆ ನೆನಪಿಸಬೇಕು. ತುಂಡುಗಳನ್ನು ಬಿಚ್ಚುವ ಮೊದಲು ಹೊಲಿಗೆಗೆ ಅಡ್ಡಲಾಗಿ ಮಾರ್ಕರಿನಿಂದ ಅಲ್ಲಲ್ಲಿ ಗೆರೆ ಎಳೆದಿಟ್ಟರೆ, ಯಾವ ಅಂಚು ಯಾವುದಕ್ಕೆ ಸೇರಬೇಕೆಂಬ ಗೊಂದಲ ಉಳಿಯುವುದಿಲ್ಲ.

ಹೊಲಿಗೆಯೇ ಇಲ್ಲದೆ ಒಂದೇ ಹಾಳೆಯನ್ನು ಎಳೆದು ಕೂರಿಸುವುದು ಮೂರನೆಯ ಸಾಧ್ಯತೆ. ಹೊಲಿಗೆಯಿಲ್ಲದಿದ್ದರೆ ನೀರಿಳಿಯುವ ತೂತುಗಳೂ ಇಲ್ಲ ಎಂಬುದು ಇದರ ದೊಡ್ಡ ಗುಣ. ಆದರೆ ಇದು ಸೀಟಿನ ಆಕಾರವನ್ನು ನಂಬಿದೆ. ಹಳೆಯ ಕಾಲದ ಬೆಂಚಿನಂಥ ಸಮತಟ್ಟು ಸೀಟಿಗೆ ಸೊಗಸಾಗಿ ಕೂರುತ್ತದೆ. ಸವಾರನ ಜಾಗ ಕೆಳಗೆ, ಹಿಂಬದಿಯವರ ಜಾಗ ಮೆಟ್ಟಿಲಿನಂತೆ ಮೇಲೆ ಇರುವ ಸೀಟಿನಲ್ಲಿ ಹಾಳೆಯು ತಗ್ಗಿಗೆ ಇಳಿಯದೆ ಎರಡು ಉಬ್ಬುಗಳ ನಡುವೆ ಡೇರೆಯ ಬಟ್ಟೆಯಂತೆ ಬಿಗಿದು ನಿಲ್ಲುತ್ತದೆ. ಕಂಪನಿಯ ಸೀಟುಗಳಲ್ಲಿ ಆ ಮೆಟ್ಟಿಲಿನ ಬುಡದಲ್ಲಿ ಕಾಣುವ ಹೊಲಿಗೆ ಅಲಂಕಾರಕ್ಕೆ ಬಂದದ್ದಲ್ಲ; ಚಪ್ಪಟೆ ಹಾಳೆಯನ್ನು ತಗ್ಗಿನಲ್ಲಿ ಕೂರಿಸಲು ಬೇರೆ ಉಪಾಯವಿಲ್ಲದ್ದಕ್ಕೆ ಅದು ಅಲ್ಲಿದೆ. ತಗ್ಗು ಸೌಮ್ಯವಾಗಿದ್ದರೆ ಆ ಜಾಗದಲ್ಲಷ್ಟೇ ಸ್ಪಂಜಿಗೂ ರೆಕ್ಸಿನ್ನಿಗೂ ಗಮ್ ಹಚ್ಚಿ ಅಂಟಿಸಿ ನಿಭಾಯಿಸಬಹುದು. ತಗ್ಗು ಆಳವಾಗಿದ್ದರೆ ಈ ದಾರಿಯನ್ನು ಬಿಡುವುದೇ ಲೇಸು.

ಅಂಗಡಿ ಮತ್ತು ಹೊಸ ಸೀಟು

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ, ಹಾಗೆಯೇ ಪ್ರತಿ ಜಿಲ್ಲಾ ಕೇಂದ್ರದ ಗ್ಯಾರೇಜು ಸಾಲಿನಲ್ಲಿ, ಬೈಕ್ ಸೀಟು ಕಟ್ಟುವ ಅಂಗಡಿಗಳಿರುತ್ತವೆ. ಕೈಪಳಗಿದವರು ನೀವು ಕಾಯುತ್ತಿರುವಾಗಲೇ ಕೆಲಸ ಮುಗಿಸಿಕೊಡುತ್ತಾರೆ. ಕಂಪ್ರೆಸರ್‌ಗೆ ಜೋಡಿಸಿದ ಸ್ಟೇಪಲ್ ಗನ್, ಸರಿಯಾದ ಹೊಲಿಗೆ ಯಂತ್ರ, ಸ್ಪಂಜು ಕೆತ್ತುವ ಅಭ್ಯಾಸ ಇವೆಲ್ಲ ಒಂದೇ ಕಡೆ ಇರುವುದರಿಂದ, ಗನ್ನು, ಪಿನ್ನು, ಗಮ್ಮು, ರೆಕ್ಸಿನ್ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾದ ಮನೆಯವರಿಗೆ ಒಂದೇ ಒಂದು ಸೀಟಿನ ಮಟ್ಟಿಗೆ ಖರ್ಚಿನಲ್ಲಿ ಉಳಿತಾಯವೇನೂ ಆಗುವುದಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಹಣ ಉಳಿಸುವುದಕ್ಕೆಂದೇ ಮನೆಯಲ್ಲಿ ಶುರು ಮಾಡುವವರು ಬಹಳ. ಮನೆಯಲ್ಲಿ ಮಾಡುವುದರ ಲಾಭ ಬೇರೆ: ಒಳಗೆ ಏನು ಹೋಗುತ್ತಿದೆ ಎಂಬುದು ನಿಮಗೆ ಗೊತ್ತಿರುತ್ತದೆ, ಸ್ಪಂಜು ಒಣಗಲು ಬೇಕಾದಷ್ಟು ದಿನ ಕೊಡಬಹುದು, ನಿಮ್ಮ ಎತ್ತರಕ್ಕೆ ತಕ್ಕಂತೆ ಸೀಟನ್ನು ತಿದ್ದಿಕೊಳ್ಳಬಹುದು.

ಅಂಗಡಿಗೆ ಕೊಡುವುದಾದರೆ ಎದುರು ನಿಂತು ಮಾಡಿಸುವುದು ಒಳ್ಳೆಯದು. ಹಳೆಯ ರೆಕ್ಸಿನ್ನನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಎಳೆದು ಪಿನ್ ಹೊಡೆಯುವುದು, ಮೆತ್ತಗಾಗಲೆಂದು ಹಾಸಿಗೆಯ ತೆಳು ಸ್ಪಂಜನ್ನು ಮೇಲೆ ಹಾಸುವುದು, ಒದ್ದೆ ಸ್ಪಂಜಿಗೇ ಹೊದಿಕೆ ಹಾಕುವುದು ಅವಸರದ ಅಂಗಡಿಗಳಲ್ಲಿ ನಡೆಯುವ ಮೂರು ಸಂಗತಿಗಳು. ಹಳೆಯದನ್ನು ಕೀಳಬೇಕು, ತುಕ್ಕು ಹಿಡಿಯದ ಸ್ಟೀಲ್ ಪಿನ್ ಹಾಕಬೇಕು, ಹಿಂಬದಿ ಸವಾರರು ಹಿಡಿದುಕೊಳ್ಳುವ ಸೀಟಿನ ಬೆಲ್ಟನ್ನು ಮರಳಿ ಜೋಡಿಸಬೇಕು ಎಂದು ಮೊದಲೇ ಮಾತಾಡಿಕೊಂಡರೆ ಆಮೇಲೆ ವಾದವಿರುವುದಿಲ್ಲ.

ಪ್ಲಾಸ್ಟಿಕ್ ತಳವೇ ಒಡೆದಿದ್ದರೆ, ಅದರಲ್ಲೂ ಮುಂಭಾಗದ ಕೊಕ್ಕೆ ಅಥವಾ ಲಾಕಿನ ಕಂಬಿ ಕೂರುವ ಜಾಗದಲ್ಲಿ ಬಿರುಕು ಬಿಟ್ಟಿದ್ದರೆ, ಹೊದಿಕೆಯ ಮಾತು ಬಿಟ್ಟು ಕಂಪನಿಯ ಹೊಸ ಸೀಟನ್ನೇ ತರಿಸುವುದು ಸರಿ. ಓಡುವ ಬೈಕಿನಲ್ಲಿ ಸೀಟು ಸರಿಯುವುದು ಅಪಾಯಕರ.

ಸ್ಪಂಜು: ನಿಜವಾದ ಆಯ್ಕೆ ಇಲ್ಲಿದೆ

ಕಂಪನಿಯ ಸೀಟಿನ ಸ್ಪಂಜನ್ನು ಅಚ್ಚಿಗೆ ಸುರಿದು ಒಂದೇ ತುಂಡಾಗಿ ತೆಗೆದಿರುತ್ತಾರೆ. ಅದಕ್ಕೆ ಮೇಲ್ಭಾಗದಲ್ಲಿ ತೆಳುವಾದ ಸಹಜ ಚರ್ಮವಿರುತ್ತದೆ, ಆಕಾರ ತಳಕ್ಕೆ ಹೊಂದಿರುತ್ತದೆ. ಅಂಗಡಿಯಲ್ಲಿ ಹಾಳೆಯಾಗಿ ಸಿಗುವ ಸ್ಪಂಜನ್ನು ಎಷ್ಟೇ ಚೆನ್ನಾಗಿ ಕತ್ತರಿಸಿದರೂ ಅದಕ್ಕೆ ಸಾಟಿಯಾಗುವುದು ಕಷ್ಟ. ಆದ್ದರಿಂದ ಮೂಲ ಸ್ಪಂಜು ಪುಡಿಯಾಗದೆ ಉಳಿದಿದ್ದರೆ ಅದನ್ನು ಎಸೆಯದೆ, ಕುಸಿದ ಜಾಗವನ್ನಷ್ಟೇ ಕತ್ತರಿಸಿ ತೆಗೆದು ಬೇರೆ ತುಂಡು ಕೂರಿಸುವುದೇ ಉತ್ತಮ.

ಆ ತುಂಡು ಯಾವುದಿರಬೇಕು? ಅಂಗಡಿಯಲ್ಲಿ ಡೆನ್ಸಿಟಿಯ ಲೆಕ್ಕದಲ್ಲಿ ಸ್ಪಂಜು ಮಾರುತ್ತಾರೆ. 32 ಡೆನ್ಸಿಟಿ, 40 ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಸ್ಪಂಜಿಗೆ ಅಷ್ಟು ಕಿಲೋ ತೂಕವೆಂದು ಅರ್ಥ. ಡೆನ್ಸಿಟಿ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು ಎಂಬುದು ಸಾಮಾನ್ಯವಾಗಿ ನಿಜ, ಆದರೆ ಡೆನ್ಸಿಟಿ ಮತ್ತು ಗಟ್ಟಿತನ ಒಂದೇ ಅಲ್ಲ. ಒಂದೇ ಡೆನ್ಸಿಟಿಯ ಸ್ಪಂಜು ಮೃದುವಾಗಿಯೂ ಬರುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಸೀಟಿನ ಅಷ್ಟು ಚಿಕ್ಕ ಜಾಗದ ಮೇಲೆ ಮನುಷ್ಯನ ಪೂರ್ತಿ ಭಾರ ಬೀಳುವುದರಿಂದ 32ರ ಸ್ಪಂಜು ಬೇಗನೆ ಚಪ್ಪಟೆಯಾಗುತ್ತದೆ. 40 ಅಥವಾ ಅದಕ್ಕಿಂತ ಮೇಲಿನದನ್ನೇ ಕೇಳಬೇಕು. ಸ್ಪಂಜಿನ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳಿರುವ ರಿಬಾಂಡೆಡ್ ಫೋಮ್ ಬಹಳ ಗಟ್ಟಿ. ಅದೊಂದನ್ನೇ ಹಾಕಿದರೆ ಹಲಗೆಯ ಮೇಲೆ ಕೂತ ಅನುಭವವಾಗುತ್ತದೆ, ಆದರೆ ಕೆಳಗಿನ ಪದರವಾಗಿ ಅದನ್ನು ಹಾಕಿ, ಮೇಲೆ ಒಂದರಿಂದ ಎರಡು ಸೆಂಟಿಮೀಟರ್ ಮೃದು ಸ್ಪಂಜು ಹಾಸಿದರೆ ದೂರದ ಪ್ರಯಾಣಕ್ಕೆ ಹಿತವಾದ ಸೀಟಾಗುತ್ತದೆ. ಕೂತ ಕೂಡಲೇ ಮೆತ್ತಗೆ ಅನಿಸುವ ಸೀಟು ನೂರು ಕಿಲೋಮೀಟರ್ ಆದ ಮೇಲೆ ನೋವು ಕೊಡುವುದು ಏಕೆಂದರೆ, ಮೃದು ಸ್ಪಂಜು ಪೂರ್ತಿ ಅದುಮಿಕೊಂಡು ಕೂರುವ ಮೂಳೆ ನೇರ ತಳಕ್ಕೆ ಒತ್ತುತ್ತದೆ. ಜೆಲ್ ಪ್ಯಾಡ್ ಭಾರವನ್ನು ಹಂಚುತ್ತದೆ, ಆದರೆ ಬಿಸಿಲಿನಲ್ಲಿ ಕಾಯುತ್ತದೆ. ಹಾಕುವುದಾದರೆ ಅದರ ಮೇಲೊಂದು ಸ್ಪಂಜಿನ ಪದರ ಇರಲೇಬೇಕು.

ಎತ್ತರದ ವಿಷಯದಲ್ಲೂ ಎಚ್ಚರ ಬೇಕು. ಒಂದು ಇಂಚು ಸ್ಪಂಜು ಏರಿಸಿದರೆ ಸಿಗ್ನಲ್ಲಿನಲ್ಲಿ ಕಾಲೂರುವಾಗ ಆ ಇಂಚು ಚೆನ್ನಾಗಿಯೇ ಗೊತ್ತಾಗುತ್ತದೆ. ಕುಳ್ಳಗಿರುವವರು ಸೀಟನ್ನು ತಗ್ಗಿಸುವುದಕ್ಕಿಂತ ಮುಂಭಾಗದ ಎರಡೂ ಬದಿಗಳನ್ನು ಸವರಿ ಕಿರಿದು ಮಾಡಿದರೆ, ತೊಡೆಗಳು ಹತ್ತಿರವಾಗಿ ಕಾಲು ನೇರ ನೆಲಕ್ಕಿಳಿಯುತ್ತದೆ, ಸ್ಪಂಜಿನ ದಪ್ಪವೂ ಉಳಿಯುತ್ತದೆ.

ಸ್ಪಂಜು ಕತ್ತರಿಸಲು ಉದ್ದನೆಯ ಹರಿತ ಚಾಕು ಅಥವಾ ಹ್ಯಾಕ್ಸಾ ಬ್ಲೇಡು ಸಾಕು. ಅಂಚುಗಳನ್ನು ಒರಟು ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯಗೊಳಿಸಬಹುದು. ಕಾಯಿಸಿದ ತಂತಿಯಿಂದ ಕತ್ತರಿಸುವುದು ಬೇಡ, ಏಕೆಂದರೆ ಈ ಸ್ಪಂಜು ಸುಟ್ಟಾಗ ವಿಷದ ಹೊಗೆ ಬರುತ್ತದೆ. ಅಂಟಿಸಲು ನೀರಿನಾಧಾರದ ಬಿಳಿ ಫೆವಿಕಾಲ್ ಕೆಲಸಕ್ಕೆ ಬಾರದು. ಫೆವಿಕಾಲ್ ಎಸ್‌ಆರ್ ರೀತಿಯ ರಬ್ಬರ್ ಗಮ್ಮನ್ನು ಎರಡೂ ಮುಖಗಳಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಅದು ಒಮ್ಮೆ ಹಿಡಿದರೆ ಸರಿಸಲು ಬರುವುದಿಲ್ಲ. ಕೂರುವ ಮೂಳೆಗಳು ಒತ್ತುವ ಜಾಗದಲ್ಲಿ ಗಮ್ ದಪ್ಪವಾಗಿ ಬಿದ್ದರೆ ಆರಿದ ಮೇಲೆ ಗಟ್ಟಿ ಗೆರೆಯಾಗಿ ಚುಚ್ಚುತ್ತದೆ. ಇದನ್ನು ಕಿಟಕಿ ತೆರೆದ ಕೋಣೆಯಲ್ಲಿ, ಒಲೆ ದೀಪಗಳಿಂದ ದೂರ ಮಾಡಬೇಕು.

ನೀರು ಕುಡಿದ ಸ್ಪಂಜನ್ನು ಹಿಂಡಿ, ನೆರಳಿನಲ್ಲಿ ಗಾಳಿಗೆ ಇಟ್ಟು ಪೂರ್ತಿ ಒಣಗಿಸಬೇಕು. ಮೇಲ್ಭಾಗ ಒಣಗಿದಂತೆ ಕಂಡರೂ ನಡುವೆ ತೇವ ಉಳಿದಿರುತ್ತದೆ, ದಿನಗಳು ಹಿಡಿಯುತ್ತವೆ. ಅಂಗಡಿಯವರು ಇಷ್ಟು ಕಾಯುವುದಿಲ್ಲ, ಮನೆಯಲ್ಲಿ ಕಾಯಬಹುದು.

ಯಾವ ರೆಕ್ಸಿನ್?

ಸೋಫಾಕ್ಕೆಂದು ಮಾರುವ ರೆಕ್ಸಿನ್ ನೋಡಲು ಚೆಂದ, ಬೆಲೆಯೂ ಕಡಿಮೆ, ಆದರೆ ಅದು ಬಿಸಿಲಿಗಾಗಿ ತಯಾರಾದದ್ದಲ್ಲ. ಬೈಕಿನ ಮೇಲೆ ಬೇಗ ಬಿರುಕು ಬಿಡುತ್ತದೆ. ವಾಹನಗಳಿಗೆಂದೇ ಮಾಡಿದ, ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ, ಹಿಂಬದಿಯಲ್ಲಿ ಹೆಣೆದ ಬಟ್ಟೆಯಿರುವ ಪಿವಿಸಿ ರೆಕ್ಸಿನ್ ನಮ್ಮ ಹವೆಗೆ ಒಗ್ಗುವಂಥದ್ದು. ಹಿಂಬದಿಯ ಬಟ್ಟೆ ಬನಿಯನ್ನಿನಂತೆ ಹೆಣೆದದ್ದಾದರೆ ರೆಕ್ಸಿನ್ ಹಿಗ್ಗುತ್ತದೆ. ನೇಯ್ದದ್ದಾದರೆ ಹಿಗ್ಗುವುದಿಲ್ಲ, ಮೂಲೆಗಳಲ್ಲಿ ಸುಕ್ಕು ಉಳಿಯುತ್ತದೆ. ಅಂಗಡಿಯಲ್ಲೇ ಎರಡೂ ದಿಕ್ಕಿಗೆ ಎಳೆದು ನೋಡಿ, ಮಡಿಸಿ ಉಗುರಿನಿಂದ ಗೀರಿ ನೋಡಿ. ಮಡಿಕೆಯಲ್ಲಿ ಬಿಳಿ ಗೆರೆ ಉಳಿದರೆ ಅದು ಬೇಡ. ಉರುಳೆಯ ಅಗಲ ಸಾಮಾನ್ಯವಾಗಿ 54 ಇಂಚು ಇರುವುದರಿಂದ, ಒಂದು ಸೀಟಿಗೆ ಒಂದು ಮೀಟರ್ ಕೊಂಡರೆ ಧಾರಾಳವಾಗುತ್ತದೆ.

ಪಿಯು ಲೆದರ್ ಎಂದು ಮಾರುವ ಕೃತಕ ಚರ್ಮ ಮುಟ್ಟಲು ಮೃದು, ಕಾರಿನೊಳಗೆ ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಅಗ್ಗದ ಬಗೆಗಳು ತೇವದಲ್ಲಿ ಪದರ ಪದರವಾಗಿ ಸುಲಿಯುತ್ತವೆ. ಕರಾವಳಿಯಲ್ಲೂ, ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಮಲೆನಾಡಿನ ಊರುಗಳಲ್ಲೂ ಅದನ್ನು ಬೈಕಿಗೆ ಹಾಕುವುದು ದಂಡ. ನಿಜವಾದ ಚರ್ಮ ಬೇಕೆನ್ನುವವರು ಬೈಕನ್ನು ಮನೆಯೊಳಗೆ ನಿಲ್ಲಿಸುವವರಾಗಿರಬೇಕು, ಆಗಾಗ ಎಣ್ಣೆ ಹಚ್ಚುವ ಶ್ರದ್ಧೆಯೂ ಇರಬೇಕು. ರಾಯಚೂರು, ಕಲಬುರಗಿಯ ಕಡೆ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಕಪ್ಪು ರೆಕ್ಸಿನ್ ಮೇಲೆ ಬರಿದೇ ಕೂರುವುದು ಸಾಧ್ಯವಿಲ್ಲ. ಅಲ್ಲಿ ಬೂದು ಅಥವಾ ಕಂದು ಬಣ್ಣ ಆರಿಸುವುದು ಅಲಂಕಾರದ ಮಾತಲ್ಲ. ಮೇಲ್ಮೈ ತೀರಾ ನುಣುಪಾಗಿದ್ದರೆ ಮಳೆಯಲ್ಲಿ ಜಾರುತ್ತದೆ, ಆದ್ದರಿಂದ ಸಣ್ಣ ಕಾಳಿನ ಒರಟುತನವಿರುವುದನ್ನೇ ಆರಿಸಬೇಕು.

ಎಳೆದು ಪಿನ್ ಹೊಡೆಯುವಾಗ

ಪ್ಲಾಸ್ಟಿಕ್ ತಳ ಸುಮಾರು ಮೂರು ಮಿಲಿಮೀಟರ್ ದಪ್ಪವಿರುವುದರಿಂದ ಆರು ಮಿಲಿಮೀಟರ್ ಕಾಲಿನ ಪಿನ್ ಸಾಕಾಗುತ್ತದೆ; ಅದಕ್ಕಿಂತ ಉದ್ದದ್ದು ಸ್ಪಂಜಿನೊಳಗೆ ಮೂತಿ ಹಾಕುತ್ತದೆ. ಕೈಯಿಂದ ಒತ್ತುವ ಅಗ್ಗದ ಗನ್ನಿನಲ್ಲಿ ಪಿನ್ ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಮೈಭಾರ ಹಾಕಿ ಗನ್ನನ್ನು ತಳಕ್ಕೆ ಒತ್ತಿ ಹಿಡಿದು ಹೊಡೆಯಬೇಕು, ಉಳಿದ ಎತ್ತರವನ್ನು ಸುತ್ತಿಗೆಯಿಂದ ತಟ್ಟಿ ಇಳಿಸಬೇಕು. ಗನ್ ಕೊಳ್ಳುವುದಾದರೆ ಪೂರ್ತಿ ಲೋಹದ್ದನ್ನೇ ಕೊಳ್ಳಿ.

ಹಳೆಯ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನೋಸ್ ಪ್ಲೈಯರಿನಿಂದ ಕೀಳುವುದು ಇಡೀ ಕೆಲಸದ ಅತ್ಯಂತ ಬೇಸರದ ಭಾಗ. ಕಿತ್ತ ತೂತುಗಳಲ್ಲೇ ಹೊಸ ಪಿನ್ ಹೊಡೆದರೆ ಹಿಡಿತ ಸಿಗದು. ನಾಲ್ಕೈದು ಮಿಲಿಮೀಟರ್ ಪಕ್ಕಕ್ಕೆ ಹೊಸ ಸಾಲು ಹಾಕಬೇಕು.

ಹೊಸ ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿನಲ್ಲಿ ಹರವಿದರೆ ಅದು ಮೆದುವಾಗಿ ಚೆನ್ನಾಗಿ ಎಳೆಸಿಕೊಳ್ಳುತ್ತದೆ. ಮೋಡದ ದಿನ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬಳಸಿದರೆ ರೆಕ್ಸಿನ್ನಿನ ಕಾಳು ಕರಗಿ ಹೊಳಪಿನ ಕಲೆ ಉಳಿಯುವ ಅಪಾಯವಿದೆ. ಒಂಟಿ ಹಾಳೆಯಾದರೆ ಹೆಚ್ಚು ಹಿಗ್ಗುವ ದಿಕ್ಕು ಸೀಟಿನ ಅಡ್ಡಕ್ಕೆ ಬರುವಂತೆ ಇಡಬೇಕು. ಮೊದಲು ಮೂತಿಯ ನಡುವೆ ಎರಡು ಪಿನ್, ಆಮೇಲೆ ಉದ್ದಕ್ಕೆ ಎಳೆದು ಬಾಲದ ನಡುವೆ ಎರಡು ಪಿನ್. ಬಳಿಕ ಸೀಟಿನ ಸೊಂಟದಲ್ಲಿ ಎಡಕ್ಕೊಂದು ಬಲಕ್ಕೊಂದು ಹೊಡೆದು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಒಂದು ಬದಿ ಬಿಟ್ಟು ಒಂದು ಬದಿಯಂತೆ ಸಾಗಬೇಕು. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೊಲಿಗೆಯ ಗೆರೆಗಳು ವಾರೆಯಾಗುತ್ತವೆ. ಪ್ರತಿ ಹಂತದಲ್ಲೂ ಸೀಟನ್ನು ತಿರುಗಿಸಿ ಮೇಲಿನಿಂದ ನೋಡುವುದು ಅಗತ್ಯ. ತಪ್ಪು ಕಂಡರೆ ಆಗಲೇ ನಾಲ್ಕು ಪಿನ್ ಕಿತ್ತು ಮತ್ತೆ ಎಳೆಯುವುದು, ಕೊನೆಗೆ ನಲವತ್ತು ಕೀಳುವುದಕ್ಕಿಂತ ಸುಲಭ. ಮೂಲೆಗಳು ಕೊನೆಗೆ. ಅಲ್ಲಿ ಒಂದೇ ದೊಡ್ಡ ಮಡಿಕೆ ಬಾರದಂತೆ ಸಣ್ಣ ಸಣ್ಣ ನಿರಿಗೆಗಳಾಗಿ ಹಂಚಿ, ತಳದ ಕೆಳಗೆ ಬರುವ ಭಾಗದಲ್ಲಷ್ಟೇ ಕತ್ತರಿ ಹಾಕಬೇಕು. ಕತ್ತರಿಯ ಗಾಯ ಅಂಚಿಗೆ ಒಂದು ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಅದು ಎಳೆತಕ್ಕೆ ಮೇಲಕ್ಕೇರುತ್ತದೆ.

ನೀರು ತಡೆಯಲು ಸ್ಪಂಜಿಗೂ ರೆಕ್ಸಿನ್ನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿಯಿದೆ. ದಪ್ಪ ಹಾಳೆ ಕೂತಾಗ ಚರಚರ ಸದ್ದು ಮಾಡುತ್ತದೆ, ಬೇಸಿಗೆಯಲ್ಲಿ ಬೆವರಿಸುತ್ತದೆ ಎಂಬ ದೂರಿದ್ದರೂ ಕರಾವಳಿ, ಮಲೆನಾಡಿನವರಿಗೆ ಹೊಲಿಗೆಯಿರುವ ಕವರಿನ ಕೆಳಗೆ ಇದು ಬೇಕೇ ಬೇಕು. ಬಯಲುಸೀಮೆಯಲ್ಲಿ ಹೊಲಿಗೆಯ ಒಳಬದಿಗೆ ಗಮ್ ಹಚ್ಚಿ ಪಟ್ಟಿ ಅಂಟಿಸಿದರೆ ಸಾಕಾಗುತ್ತದೆ. ತಳದಲ್ಲಿರುವ ನೀರಿಳಿಯುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು.

ಕಬ್ಬಿಣದ ತಳದ ಹಳೆಯ ಗಾಡಿಗಳು

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಜನ. ಇವುಗಳ ಮತ್ತು ಹಳೆಯ ಬುಲೆಟ್‌ಗಳ ಸೀಟಿನ ತಳ ಕಬ್ಬಿಣದ್ದಾದ್ದರಿಂದ ಸ್ಟೇಪಲ್ ಗನ್ನಿಗೆ ಕೆಲಸವೇ ಇಲ್ಲ; ಸೀಟು ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಹೊದಿಕೆಯೂ ಸರಳ. ಆ ಮಟ್ಟಿಗೆ ಮನೆಯ ಕೆಲಸಕ್ಕೆ ಇವು ಹೊಸ ಬೈಕುಗಳಿಗಿಂತ ಅನುಕೂಲ. ಆದರೆ ತಗಡಿನ ಹಲ್ಲುಗಳನ್ನು ನಿಧಾನವಾಗಿ, ಬೇಕಾದಷ್ಟೇ ಎಬ್ಬಿಸಬೇಕು. ಪದೇ ಪದೇ ಹಿಂದೆ ಮುಂದೆ ಮಡಿಸಿದ ಹಲ್ಲು ಮುರಿಯುತ್ತದೆ, ಮುರಿದ ಕಡೆ ಸಣ್ಣ ರಿವೆಟ್ ಹಾಕಬೇಕಾಗುತ್ತದೆ. ತಳ ಬಯಲಾದಾಗ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಬಣ್ಣ ಬಳಿದು, ಪೂರ್ತಿ ಆರಿದ ಮೇಲೆಯೇ ಸ್ಪಂಜು ಇಡಬೇಕು. ಹಲ್ಲು ರೆಕ್ಸಿನ್ನನ್ನು ಕಚ್ಚುವ ಕಡೆ ಅಂಚನ್ನು ಎರಡು ಮಡಿಕೆ ಮಾಡಿ ಹೊಲಿದಿದ್ದರೆ ಹರಿಯುವುದಿಲ್ಲ. ಇಂಥ ಸೀಟಿಗೆ ಅಂಗಡಿಯವರು ರಿವೆಟ್ ಹೊಡೆದು ಮುಗಿಸುವ ಅವಸರ ತೋರುವುದುಂಟು. ಹಾಗಾಗಿ ಹಳೆಯ ಗಾಡಿಯ ಅಭಿಮಾನಿಗಳು ಇದನ್ನು ತಾವೇ ಮಾಡಿಕೊಳ್ಳುವುದು ಉತ್ತಮ.

ಮರಳಿ ಜೋಡಿಸುವಾಗ ತಳದ ರಬ್ಬರ್ ಬುಷ್‌ಗಳೆಲ್ಲ ತಮ್ಮ ಜಾಗಕ್ಕೆ ಬಂದಿವೆಯೇ ಎಂದು ನೋಡಬೇಕು. ಒಂದು ತಪ್ಪಿದರೂ ಆ ಮೂಲೆಯ ಮೇಲೆ ಭಾರ ಬಿದ್ದು ತಳ ಬಿರುಕು ಬಿಡುತ್ತದೆ. ಹಿಂಬದಿ ಸವಾರರಿಗೆ ಹಿಡಿದುಕೊಳ್ಳಲು ವಾಹನದ ಬದಿಯಲ್ಲೋ ಚಾಲಕನ ಸೀಟಿನ ಹಿಂದೆಯೋ ಶಾಶ್ವತ ಹಿಡಿಕೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಆದ್ದರಿಂದ ಹೊಸ ಹೊದಿಕೆಯ ಅಂದ ಕೆಡುತ್ತದೆಂದು ಸೀಟಿನ ಬೆಲ್ಟನ್ನೋ ಹಿಂದಿನ ಕಂಬಿಯನ್ನೋ ಬಿಟ್ಟುಬಿಡಬಾರದು. ಪಿನ್ನುಗಳ ಮೇಲೆ ದಪ್ಪನೆಯ ರೆಕ್ಸಿನ್ ಮಡಿಕೆ ಉಳಿದಿದ್ದರೆ ಸೀಟು ಲಾಕಿಗೆ ಪೂರ್ತಿ ಕೂರದೆ ಇರುವುದುಂಟು. ಕೀಲಿ ಹಾಕಿದ ಮೇಲೆ ಸೀಟಿನ ಬಾಲ ಹಿಡಿದು ಜೋರಾಗಿ ಮೇಲಕ್ಕೆತ್ತಿ ನೋಡಿಯೇ ಗಾಡಿ ಹತ್ತಬೇಕು.